ಅಪ್ಪನ ಮಾತು ಹುಡುಕಿ ಹೊರಟ ನಮ್ಮ ನಂದಾ

ಇಲ್ಲ... ಇನ್ನೂ ನಂಬಿಕೆ ಬರುತ್ತಿಲ್ಲ.
ನಿನ್ನೆ ಸಂಜೆ ಫೋನಿನಲ್ಲಿ ಅಷ್ಟು ನಕ್ಕಿದ್ದಳು...

ಬೆಳಿಗ್ಗೆ ನಿಲಂಗಾದ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ತಮ್ಮ ಬಸವರಾಜನ ಕಾಲ್ ಬಂತು.
"ಅಕ್ಕಾ... ನಂದಕ್ಕ ಹೋದ್ಳು."
ಎಲ್ಲಿಗೆ ಅಂತ ಕೇಳಿದೆ ನಾನು.
ಹುಚ್ಚಿ...

ಉಮರ್ಗಾದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಾರ್ಟ್ ಅಟ್ಯಾಕ್. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಅವಳನ್ನು ಕಾಣದ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.
ನಂದಾ ಅಂದರೆ ಮಹಾನಂದಾ. ಉದಗೀರಿನ ಬಟ್ಟೆ ವ್ಯಾಪಾರಿ ಶಿವಲಿಂಗಪ್ಪ ಕಾಕಾ ಅವರ ಮಗಳು. ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಮದುವೆಯಾಗಿ ನಿಲಂಗಾಕ್ಕೆ ಬಂದೆ. ಅವಳು ಮದುವೆ ಬೇಡವೆಂದಳು, ಉಮರ್ಗಾದಲ್ಲಿ ಸೈಕಾಲಜಿ ಲೆಕ್ಚರರ್ ಆದಳು.

ಕೆಲವು ವರ್ಷಗಳ ಹಿಂದೆ ಕಾಕಾಗೆ ಲಕ್ವಾ ಹೊಡೆಯಿತು. ಮಾತು ನಿಂತಿತು.
ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಹಳೆಯ ದೋಸ್ತರ ಜೊತೆ ದಖನಿ ಉರ್ದು...
ಮೂರೂ ಭಾಷೆಯಲ್ಲಿ ಗಿರಾಕಿಗಳನ್ನು ನಗಿಸಿ ಸೀರೆ ಮಾರಿದ ಮನುಷ್ಯ ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತರು.

ಒಂದು ದಿನ ಅಂಗಡಿಯ ಎದುರಿನ ದರ್ಜಿ ಖಾದರ್ ಚಾಚಾ ನೋಡಲು ಬಂದರು. ಎಂದಿನ ಹಾಗೆ ದಖನಿಯಲ್ಲೇ ಕೇಳಿದರು, ಅಂಗಡಿ ಯಾವಾಗ ತೆಗೆಯುತ್ತೀರಿ ಅಂತ.
"ಸೇಠ್, ದುಕಾನ್ ಕಬ್ ಖೋಲ್ತೇ?"
ಕಾಕಾ ಅಂದರು, "ಕಲ್."
ನಾಳೆ... ಅಷ್ಟೇ. ಒಂದೇ ಶಬ್ದ.

ಮನೆಯವರೆಲ್ಲ ಅತ್ತರು. ನಂದಾ ಅಳಲಿಲ್ಲ. ತಾಯಿಯ ಮಡಿಲಲ್ಲಿ ಕಲಿತ ಕನ್ನಡ ಎಲ್ಲಿ ಹೋಯಿತು, ದೋಸ್ತರ ಭಾಷೆ ಹೇಗೆ ಉಳಿಯಿತು ಅಂತ ಡಾಕ್ಟರನ್ನು ಕೇಳಿದಳು. ಕೆಲವರಿಗೆ ಹೀಗೂ ಆಗುತ್ತದೆ ಅಂದರು ಅವರು. ಆ ಉತ್ತರ ಅವಳಿಗೆ ಸಾಲಲಿಲ್ಲ.

ನಲವತ್ತರ ಹತ್ತಿರದ ವಯಸ್ಸಿನಲ್ಲಿ ನೆದರ್‌ಲ್ಯಾಂಡ್ಸಿಗೆ ಹೊರಟಳು.
ಕಾಗ್ನಿಟಿವ್ ನ್ಯೂರೋಸೈನ್ಸ್... ಮಾಸ್ಟರ್ಸ್.
ಮಾತು, ನೆನಪು, ಯೋಚನೆ ಮಿದುಳಿನಲ್ಲಿ ಹೇಗೆ ಹುಟ್ಟುತ್ತವೆ ಅನ್ನುವ ಓದು. ಈ ವಯಸ್ಸಿಗೆ ಎಂಥ ಸಾಲಿ ಅಂತ ಬಂಧುಗಳು ಕೇಳಿದಾಗ ಬ್ಯಾಗು ತುಂಬುತ್ತಲೇ ಹೇಳಿದ್ದಳು:
"ಅಪ್ಪನ ಮಾತು ಎಲ್ಯಾರ ಇದ್ದೇ ಇರ್ತಾವ್ರೀ. ಹುಡುಕೂದು ಕಲತು ಬರ್ತೀನಿ."

ನಂದಾ...
ಅಲ್ಲಿಂದ ನೀನು ಮಾಡುತ್ತಿದ್ದ ಕಾಲ್‌ಗಳು ಈಗ ಕಿವಿಯಲ್ಲಿ ತೇಲುತ್ತಿವೆ.
ಮಧ್ಯಾಹ್ನಕ್ಕೇ ಮಬ್ಬಾಗುವ ಬೆಳಕು... ಕಾಲುವೆಯ ಮೇಲೆ ಮಂಜು... ಮಂಜಿನೊಳಗಿಂದ ಬರುವ ಸೈಕಲ್ ಗಂಟೆಗಳು...
ನೀನು ಹೇಳುತ್ತಿದ್ದರೆ ನಾನು ನಿಲಂಗಾದ ಬಿಸಿಲಲ್ಲಿ ನಿಂತು ಸೆರಗು ಹೊದ್ದುಕೊಳ್ಳುತ್ತಿದ್ದೆ.

ಜೊತೆಗೆ ಓದುವವರೆಲ್ಲ ನಿನ್ನ ವಿದ್ಯಾರ್ಥಿಗಳ ವಯಸ್ಸಿನವರು. ಕಂಪ್ಯೂಟರ್ ಕೋಡಿಂಗ್ ತಲೆಗೆ ಹತ್ತಲಿಲ್ಲ. ಮೊದಲ ಪರೀಕ್ಷೆಯಲ್ಲಿ ಫೇಲಾದೆ. ವಾಪಸ್ ಬರಲು ಬ್ಯಾಗು ಕಟ್ಟಿದೆ... ಮತ್ತೆ ನೀನೇ ಬಿಚ್ಚಿದೆ. ಆ ಹುಡುಗರ ಪಕ್ಕದಲ್ಲೇ ಕೂತು ಮೊದಲಿನಿಂದ ಕಲಿತೆ.

ಸಹಪಾಠಿಯೊಬ್ಬಳ ಪ್ರಾಜೆಕ್ಟಿಗೆ ಸ್ಕ್ಯಾನರ್‌ನೊಳಗೆ ಮಲಗಿದ ದಿನ...
ಆ ಯಂತ್ರದ ಸದ್ದು, ದಾಳಿಂಬ ಊರಿನ ನಿಮ್ಮ ಹೊಲದಲ್ಲಿ ಸೋಯಾಬೀನ್ ರಾಶಿ ಮಾಡುವ ಮಷೀನಿನ ಹಾಗೇ ಕೇಳಿಸಿತಂತೆ.
ಅಲುಗಾಡುವ ಹಾಗಿಲ್ಲ. ಕಣ್ಣು ಬಿಟ್ಟುಕೊಂಡೇ ನೀನು ಹೊಲಕ್ಕೆ ಹೋದೆ...
ಬಿಳಿ ಸುರಂಗದ ತುಂಬ ಹೊಟ್ಟು ಹಾರಿತು... ತೊಗರಿ ಹಳದಿ ಹೂ ಬಿಟ್ಟಿತು...
ಅಪ್ಪ ಬದುವಿನ ಮೇಲೆ ನಿಂತು ಮೂರೂ ಭಾಷೆಯಲ್ಲಿ ನಿನ್ನನ್ನು ಕೂಗಿದರು.
ಹೊರಗೆ ಬಂದಾಗ ಕಿವಿಯ ತನಕ ಒದ್ದೆಯಾಗಿತ್ತು ಅಂದೆ...

ನಿನ್ನ ಮಿದುಳಿನ ಚಿತ್ರವನ್ನು ಮನೆಗೆ ವಾಟ್ಸಾಪ್ ಮಾಡಿದೆ. ಬಸವರಾಜ ಮೊಬೈಲನ್ನು ಅಪ್ಪನ ಮುಂದೆ ಹಿಡಿದ. ಬಹಳ ಹೊತ್ತು ನೋಡಿ ಕಾಕಾ ಅಂದರು, "ಗೋಬಿ."
ವಿಡಿಯೋ ಕಾಲಿನಲ್ಲಿ ನೀನು ನಗುತ್ತ ನಗುತ್ತ ಅಳತೊಡಗಿದೆ.

ಓದು ಮುಗಿಸಿ ಉಮರ್ಗಾದ ಅದೇ ಕಾಲೇಜಿಗೆ ವಾಪಸ್ ಬಂದೆ. ಅಲ್ಲೇ ಇರಬಹುದಿತ್ತಲ್ಲ ಅಂದವರಿಗೆ ಚಹಾ ಕೊಟ್ಟು ಕಳಿಸಿದೆ.
ರಜೆ ಇದ್ದಾಗಲೆಲ್ಲ ಉದಗೀರಿನ ಬಸ್ಸು ಹತ್ತುತ್ತಿದ್ದೆ. ಅಪ್ಪನ ಕೈಗೆ ಬಟ್ಟೆಯ ತುಂಡು ಕೊಡುವುದು, ಮೂರು ಭಾಷೆಯಲ್ಲಿ ಅದರ ಹೆಸರು ಹೇಳುವುದು... ಆಮೇಲೆ ಕಾಯುವುದು.
ಕನ್ನಡ ಒಂದೊಂದೇ ಶಬ್ದವಾಗಿ ತಿರುಗಿ ಬಂತು.
ನೀರು...
ಸಾಕು...
ನಂದಾ...

ಬೇರೆ ಮನೆಯವರೂ ಕರೆಯತೊಡಗಿದರು. ನಿಲಂಗಾದಲ್ಲಿ ಲಕ್ವಾ ಹೊಡೆದ ಒಬ್ಬ ಅಜ್ಜಿಯ ಮನೆಗೆ ನಾನೂ ಬಂದಿದ್ದೆ. ಆಕೆಯ ಮಕ್ಕಳಿಗೆ ನೀನು ಹೇಳಿದ್ದು ಇಷ್ಟೇ:
"ಮಾತು ಹೋಗ್ಯಾವ ಅನಬ್ಯಾಡ್ರೀ. ಮುಂದ ಕೂತು ಮಾತಾಡ್ರಿ. ಕಾಯ್ರಿ."

ಇವತ್ತು ಮಧ್ಯಾಹ್ನ ನಾನು ಉದಗೀರ್ ಮುಟ್ಟಿದೆ.
ನಿನ್ನ ಹಣೆಗೆ ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂರಿಸಿದ್ದರು...
ಕಾಕಾ ಒಳಗಿನ ಕೋಣೆಯಲ್ಲಿದ್ದರು. ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಬಸವರಾಜ ನನ್ನ ಕೈ ಹಿಡಿದುಕೊಂಡ.
"ಅಕ್ಕಾ, ಅಪ್ಪಗ ಯಾವ ಭಾಷಾದಾಗ ಹೇಳ್ಬೇಕ್ರೀ?"
ಇದನ್ನೆಲ್ಲ ನಿನ್ನನ್ನೇ ಕೇಳಿ ರೂಢಿ...

ಕೊನೆಗೆ ಏನೂ ಹೇಳದೆ ಕೈಹಿಡಿದು ಕರೆತಂದೆವು.
ಕಾಕಾ ನಿನ್ನ ಪಕ್ಕ ಕೂತರು. ಮುಖ ನೋಡಿದರು. ನಿನ್ನ ಸೆರಗಿನ ಅಂಚು ಹಿಡಿದು, ಅಂಗಡಿಯಲ್ಲಿ ಸೀರೆಯ ಮಡಿಕೆ ಸರಿಮಾಡುವ ಹಾಗೆ ನಿಧಾನವಾಗಿ ಸರಿಮಾಡಿದರು.
ಆಮೇಲೆ ಅಳುತ್ತಿದ್ದ ನಮ್ಮ ಕಡೆ ತಿರುಗಿ, ತಡೆತಡೆದು, ಕನ್ನಡದಲ್ಲಿ...
"ಭಾಳ ದೂರ... ಹೋಗಿ ಬಂದಾಳ. ಎಬ್ಬಸಬ್ಯಾಡ್ರಿ."

ಲಕ್ವಾ ಹೊಡೆದ ಮೇಲೆ ಅವರು ಇಷ್ಟು ಉದ್ದದ ಮಾತಾಡಿದ್ದು ಇದೇ ಮೊದಲು.
ತಿಳಿದು ಅಂದರೋ, ತಿಳಿಯದೆ ಅಂದರೋ... ಯಾರೂ ಕೇಳಲಿಲ್ಲ.
ಅಳುವುದನ್ನು ನಿಲ್ಲಿಸಿ ಎಲ್ಲರೂ ಸುಮ್ಮನೆ ಕೂತೆವು.

ಹೋಗಿ ಬಾ ಅನ್ನಲು ಬಾಯಿ ಬರುತ್ತಿಲ್ಲ, ನಂದಾ...
ಶಿವನಲ್ಲಿ ಬೆರೆತು ಹಗುರಾಗು. ನಿನ್ನ ಜೀವ ತಂಪಾಗಿರಲಿ.
ಶರಣು...