ನನ್ನ ಮುಕ್ತ ಗಣಕವೂ ಕಸ್ತೂರಿಯವರ ರಸಮೇವೂ

ನಮ್ಮ ಕಚೇರಿಯಲ್ಲಿ ನನ್ನ ಕಂಪ್ಯೂಟರ್ ಒಂದೇ ಬೇರೆ ಪಂಥದ್ದು. ಗೋಕಾಕದಲ್ಲಿ ಹೈನುಗಾರಿಕೆಯ ತರಬೇತಿ ಕೊಡುವ ಸಣ್ಣ ಸಂಸ್ಥೆ ನಮ್ಮದು. ಉಳಿದವರ ಮೇಜಿನ ಮೇಲೆ ಪರವಾನಗಿ ಕೊಂಡು ತಂದ ತಂತ್ರಾಂಶ ನಡೆಯುತ್ತದೆ. ನನ್ನ ಮೇಜಿನ ಮೇಲೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ನಾನು ಈವರೆಗೆ ಬಿಚ್ಚಿಯೂ ಇಲ್ಲ, ತಿದ್ದಿಯೂ ಇಲ್ಲ. ಆದರೂ ಮನಸ್ಸು ಬಂದಾಗ ಬಿಚ್ಚಬಹುದು ಎಂಬ ಹೆಮ್ಮೆಯಿದೆಯಲ್ಲ, ಒಂದು ಹೊತ್ತಿನ ಊಟಕ್ಕೆ ಅದೇ ಸಾಕು.

ಕಚೇರಿಗೆ ಹೊಸಬರು ಬಂದರೆ ನನ್ನ ಉಪದೇಶ ಶುರು. "ನೋಡ್ರಿ, ನಮ್ಮೂರ ಕರದಂಟಿನ ಅಂಗಡಿಯವ್ರು ಅಂಟ ಎಷ್ಟ, ಬೆಲ್ಲ ಎಷ್ಟ ಅಂತ ಹೇಳತಾರೇನ್ರಿ? ಹೇಳಂಗಿಲ್ಲ. ನಿಮ್ಮ ತಂತ್ರಾಂಶ ಹಂಗ. ನಂದು ದಾಸೋಹದ ಅಡಿಗಿ ಇದ್ದಂಗ. ಒಳಗ ಹೋಗಿ ನೋಡ್ರಿ, ಬೇಕಾದ್ರ ನೀವೂ ಸೌಟು ಹಿಡೀರಿ." ಕೇಳಿದವರು ಗಂಭೀರವಾಗಿ ತಲೆಯಾಡಿಸಿ, ಕರದಂಟು ತರಲು ಹೊರಗೆ ಹೋಗುತ್ತಿದ್ದರು.

ತೊಂದರೆ ಒಂದೇ. ರಜೆ ಕೇಳುವುದು, ವರದಿ ಕಳಿಸುವುದು ಎಲ್ಲಕ್ಕೂ ಕಚೇರಿ ಇಟ್ಟುಕೊಂಡಿರುವ ತಂತ್ರಾಂಶ ನನ್ನ ಯಂತ್ರದಲ್ಲಿ ಓಡುವುದಿಲ್ಲ. ಆಗ ಬಾಜೂ ಮೇಜಿನ ಕಸ್ತೂರಿಯವರನ್ನು ಎಬ್ಬಿಸಿ ಅವರ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಒಮ್ಮೆ ಅವರು ಎದ್ದು ನಿಂತು ಮೆತ್ತಗೆ ಹೇಳಿದರು: "ಸರ, ನಿಮ್ಮ ಸ್ವಾತಂತ್ರ್ಯ ದಿನಾ ಬಂದು ನನ್ನ ಕುರ್ಚಿ ಮ್ಯಾಲೆ ಕುಂದರತೈತಲ್ರಿ!"

ಕಸ್ತೂರಿಯವರು ಮಾತಾಡುವುದೇ ಅಪರೂಪ. ಕೊಣ್ಣೂರಿನ ಒಕ್ಕಲುತನದ ಮನೆಯವರು. ದನಕರುಗಳ ನಡುವೆಯೇ ಬೆಳೆದು, ಆಮೇಲೆ ಅದನ್ನೇ ಓದಿದವರು. ತರಬೇತಿಯ ಪಾಠಗಳನ್ನೆಲ್ಲ ಚಿತ್ರಸಹಿತ ಸಿದ್ಧಪಡಿಸುವವರು ಅವರು. ಪರದೆಯ ಮುಂದೆ ನಿಂತು ಓದಿ ಚಪ್ಪಾಳೆ ತೆಗೆದುಕೊಳ್ಳುವವರು ನಮ್ಮ ಸಾಹೇಬರು. ಈ ಏರ್ಪಾಡು ವರ್ಷಾನುಗಟ್ಟಲೆ ನಡೆದಿತ್ತು. ಒಂದು ಸಲ ಸಾಹೇಬರು ಅಂಕಲಗಿಯ ಮದುವೆಯೊಂದಕ್ಕೆ ಹೋಗಲೇಬೇಕಾಯಿತು. "ಮೂಡಲಗಿ ತರಬೇತಿಗೆ ನೀವ ಹೋಗಿ ಮಾತಾಡ್ರಿ" ಎಂದು ಕಸ್ತೂರಿಯವರಿಗೆ ಹೇಳಿ ಹೊರಟೇಬಿಟ್ಟರು. ಕಸ್ತೂರಿಯವರ ಮುಖ ಬಿಳಿಚಿಕೊಂಡಿತು.

"ಹೆದರಬ್ಯಾಡ್ರಿ ಅಕ್ಕಾರ, ಪರದೆ ಮ್ಯಾಲಿಂದು ನೋಡಿ ಓದಿದ್ರಾತು. ನಾನೂ ಬರ್ತೇನಿ" ಎಂದು ಧೈರ್ಯ ಕೊಟ್ಟೆ.

ಮೂಡಲಗಿಯ ಸಭಾಭವನ ತುಂಬಿತ್ತು. ಸುತ್ತಲಿನ ಹಳ್ಳಿಗಳಿಂದ ಎಮ್ಮೆ ಸಾಕುವ ಹೆಂಗಸರು ಬಂದಿದ್ದರು. ಕಸ್ತೂರಿಯವರು ಕಚೇರಿಯ ಲ್ಯಾಪ್‌ಟಾಪ್ ತೆರೆದರು. ಅದು ಸರಿಯಾಗಿ ಅದೇ ಮುಹೂರ್ತ ನೋಡಿ ತನ್ನನ್ನು ತಾನು ನವೀಕರಿಸಿಕೊಳ್ಳತೊಡಗಿತು. 'ದಯವಿಟ್ಟು ಕಾಯಿರಿ, ಬಂದ್ ಮಾಡಬೇಡಿ' ಎಂಬರ್ಥದ ಸೂಚನೆ ಪರದೆಯ ಮೇಲೆ ನಿಂತೇಬಿಟ್ಟಿತು. ನಾವು ಕಾದೆವು. ಹೆಂಗಸರು ಕಾದರು. ತಂದಿದ್ದ ಚುರುಮುರಿ ಖಾಲಿಯಾಯಿತು.

ನನಗೆ ಒಳಗೊಳಗೇ ಹಬ್ಬ. ಚೀಲದಿಂದ ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಹೊರತೆಗೆದು, ಪೆನ್‌ಡ್ರೈವಿನಲ್ಲಿದ್ದ ಅವರ ಪಾಠವನ್ನು ಅದರಲ್ಲಿ ತೆರೆದೆ. ಚಿತ್ರಗಳು ಅಚ್ಚುಕಟ್ಟಾಗಿ ಬಂದವು. ಅಕ್ಷರ ಮಾತ್ರ ಕನ್ನಡವಾಗಿರಲಿಲ್ಲ! ಅವರು ಟೈಪು ಮಾಡಿದ್ದ ಹಳೆಯ ಅಕ್ಷರಶೈಲಿ ನನ್ನಲ್ಲಿ ಇರಲಿಲ್ಲ. ಕನ್ನಡದ ಜಾಗದಲ್ಲಿ ಟೋಪಿ ಹಾಕಿದ, ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳು ಜಾತ್ರೆ ನೆರೆದಿದ್ದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮುಂದೆ ಕೂತಿದ್ದ ಕುಲಗೋಡದ ಅಜ್ಜಿಯೊಬ್ಬರು ಕಣ್ಣು ಕಿರಿದು ಮಾಡಿ ಕೇಳಿದರು: "ಯವ್ವಾ, ಇದೇನ ಬರದೈತಿ?"

ಕಸ್ತೂರಿಯವರು ಪರದೆ ನೋಡಿದರು, ನನ್ನನ್ನು ನೋಡಿದರು. ಅವರ ತುಟಿಯಂಚಿನಲ್ಲಿ ನಗು ಮೂಡಿತು. "ಅದು ನಮ್ಮ ಸರ್ ಅವರ ಸ್ವತಂತ್ರ ಭಾಷೆ ಐತಿ ಬೇ. ಅವರಿಗೂ ಓದಾಕ ಬರಂಗಿಲ್ಲ."

ಇಡೀ ಸಭೆ ಗೊಳ್ಳೆಂದಿತು. ಆ ನಗುವಿನಲ್ಲಿ ಅವರ ಹೆದರಿಕೆ ಎಲ್ಲಿ ಕರಗಿತೋ ಕಾಣೆ. ಪರದೆಗೆ ಬೆನ್ನು ಮಾಡಿ ಮಾತಿಗಿಳಿದರು. ಹಸಿರು ಗೋವಿನಜೋಳವನ್ನು ಯಾವಾಗ ಕೊಯ್ಯಬೇಕು, ಹೇಗೆ ಕತ್ತರಿಸಿ, ಗಾಳಿಯಾಡದಂತೆ ತುಳಿದು ತುಂಬಿ ರಸಮೇವು ಮಾಡಬೇಕು, ಬೇಸಿಗೆಯಲ್ಲಿ ಎಮ್ಮೆ ಅದನ್ನು ಹೇಗೆ ಹುಡುಕಿಕೊಂಡು ಬರುತ್ತದೆ ಎಂದು ಕೈಯಾಡಿಸಿ ವಿವರಿಸಿದರು. ತಮ್ಮ ಮನೆಯಲ್ಲಿ ಮೊದಲ ಸಲ ಮಾಡಿದ್ದು ಬೂಸ್ಟು ಹಿಡಿದು ಅವ್ವನಿಂದ ಬೈಸಿಕೊಂಡದ್ದನ್ನೂ ಹೇಳಿದರು. ಹೆಂಗಸರು ನಡುನಡುವೆ ಪ್ರಶ್ನೆ ಕೇಳಿದರು, ವಾದ ಹೂಡಿದರು. ಸಾಹೇಬರ ಭಾಷಣದಲ್ಲಿ ಯಾರೂ ವಾದ ಹೂಡಿದ್ದನ್ನು ನಾನು ಕಂಡಿಲ್ಲ. ಮಲಗಿದವರು ಹೇಗೆ ವಾದ ಮಾಡಿಯಾರು?

ಮರಳಿ ಬರುವಾಗ ಜೀಪಿನಲ್ಲಿ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ," ಎಂದರು ಕಸ್ತೂರಿಯವರು, "ಅಕ್ಷರ ಚಂದ ಬಂದಿದ್ರ ನಾನೂ ಸಾಹೇಬರಂಗ ಓದಿ ಮುಗಿಸ್ತಿದ್ದೆ."

ಸಾಹೇಬರ ಕಿವಿಗೆ ಸುದ್ದಿ ಬಿತ್ತು. ಅವರು ದೊಡ್ಡ ಮನಸ್ಸಿನವರು. ಮುಂದಿನ ಹುಕ್ಕೇರಿ ತರಬೇತಿಯನ್ನೂ ಕಸ್ತೂರಿಯವರಿಗೇ ಬಿಟ್ಟರು. ಈ ಸಲ ಮರ್ಯಾದೆ ಉಳಿಸಿಕೊಳ್ಳಬೇಕೆಂದು ನಾನು ಎಲ್ಲ ಬಗೆಯ ಕನ್ನಡ ಅಕ್ಷರಗಳನ್ನೂ ತುಂಬಿಸಿಕೊಂಡು ಸಜ್ಜಾದೆ.

"ಯಾವ ಲ್ಯಾಪ್‌ಟಾಪ್ ತರ್ಲಿ ಅಕ್ಕಾರ? ನಿಮ್ದೋ, ನಂದೋ?"

"ಎರಡೂ ಬ್ಯಾಡ್ರಿ. ಒಂದ ಚೀಲ ರಸಮೇವು ತರ್ರಿ."

ಹುಕ್ಕೇರಿಯಲ್ಲಿ ಬೇವಿನ ಮರದ ಕೆಳಗೆ ಪಾಠ ನಡೆಯಿತು. ಯಾರೋ ಹಿತ್ತಿಲಿನಿಂದ ಎಮ್ಮೆಯೊಂದನ್ನು ಹೊಡೆದುಕೊಂಡು ಬಂದರು. ಅದರ ಹಗ್ಗ ಹಿಡಿದು ನಿಲ್ಲುವ ಕೆಲಸ ನನಗೆ ಬಂತು. ಎಮ್ಮೆ ನನ್ನನ್ನೊಮ್ಮೆ ಮೂಸಿ, ಬೇಡವೆಂದು ಮುಖ ತಿರುಗಿಸಿ, ಮೇವಿಗೆ ಬಾಯಿ ಹಾಕಿತು. ಅದರ ತೀರ್ಪನ್ನು ಮುಕ್ತ ಮನಸ್ಸಿನಿಂದ ಒಪ್ಪಿಕೊಂಡೆ.