ಹೊಳೆ ದಾಟಿಸಿದ ಬೆಕ್ಕು

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ, ಬೆಳಿಗ್ಗೆ ಹಿತ್ತಲಿನಲ್ಲಿ ಹಕ್ಕಿಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಯಾರೂ ಹೇಳಿದ್ದಲ್ಲ, ನಾನೇ ಹಚ್ಚಿಕೊಂಡದ್ದು. ಒಗೆಯುವ ಕಲ್ಲಿನ ಸುತ್ತ ಮಂಡಕ್ಕಿ ನುಚ್ಚು ಚೆಲ್ಲಿ, ಬಚ್ಚಲಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಂದು ನೋಟುಪುಸ್ತಕದಲ್ಲಿ ವಾರ, ತಾರೀಖು ಬರೆದು ಅದರ ಕೆಳಗೆ ಗುಬ್ಬಿ ಇಷ್ಟು, ಗೊರವಂಕ ಇಷ್ಟು, ಪಾರಿವಾಳದ ಹಾಗಿರುವ ಬೆಳವ ಇಷ್ಟು ಎಂದು ಗೆರೆ ಎಳೆಯುತ್ತಿದ್ದೆ. ಕಾಳು ತಿನ್ನಲು ಕೆಳಗಿಳಿದ ಹಕ್ಕಿಯನ್ನು ಮಾತ್ರ ಎಣಿಸಬೇಕು, ಮರದಲ್ಲಿ ಕೂತು ಹೋಗುವುದನ್ನು ಎಣಿಸಬಾರದು ಎಂದು ನಿಯಮವನ್ನೂ ಮಾಡಿಕೊಂಡಿದ್ದೆ.

ನುಚ್ಚು ಕೊಡುತ್ತಿದ್ದವರು ಪಕ್ಕದ ಮನೆಯ ದೊಡ್ಡವ್ವ. ನಮಗೆ ನೆಂಟರಲ್ಲ, ಹೊನ್ನಾಳಿಯ ನಮ್ಮ ಬೀದಿಯ ಮಕ್ಕಳೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಮನೆಯ ಹಿಂದೆ ಅವರದೊಂದು ಸಣ್ಣ ಮಂಡಕ್ಕಿ ಭಟ್ಟಿ ಇತ್ತು. ಜರಡಿಯಿಂದ ಕೆಳಗೆ ಉದುರಿದ್ದನ್ನೆಲ್ಲ ಒಂದು ಡಬ್ಬಿಯಲ್ಲಿ ನನಗಾಗಿ ತೆಗೆದಿಡುತ್ತಿದ್ದರು. ಭಟ್ಟಿಯ ಪಕ್ಕದ ಕೋಣೆಯಲ್ಲಿ ಭತ್ತದ ಚೀಲ, ಹುರಿಯುವ ಅಕ್ಕಿಯ ಚೀಲ. ಆ ಚೀಲಗಳನ್ನು ಇಲಿಯಿಂದ ಕಾಯುತ್ತಿದ್ದದ್ದು ಒಂದು ಬೂದು ಪಟ್ಟೆಯ ಹೆಣ್ಣು ಬೆಕ್ಕು.

ಒಂದು ಮಂಗಳವಾರ ಶಾಲೆಯಿಂದ ಬಂದು ಹಿತ್ತಲಿಗೆ ಹೋದಾಗ ಒಗೆಯುವ ಕಲ್ಲಿನ ಹತ್ತಿರ ಬೆಳವದ ಪುಕ್ಕಗಳು ಬಿದ್ದಿದ್ದವು. ಕಂದು ಬಣ್ಣದವು, ಕತ್ತಿನ ಚುಕ್ಕೆಯವು, ಎದೆಯ ಮೆತ್ತನೆಯವು, ಎಲ್ಲವೂ ಒಂದು ತಟ್ಟೆಯಗಲ ಸುತ್ತಲೂ ಹರಡಿದ್ದವು. ನಡುವೆ ಎರಡು ಕಾಲು, ಒಂದು ರೆಕ್ಕೆ. ಪಕ್ಕದ ಹಸಿ ಮಣ್ಣಿನಲ್ಲಿ ಬೆಕ್ಕಿನ ಹೆಜ್ಜೆಗಳು. ಗೋಡೆಯ ಮೇಲೆ ದೊಡ್ಡವ್ವನ ಬೆಕ್ಕು ಕೂತು ಮುಖ ಒರೆಸಿಕೊಳ್ಳುತ್ತಿತ್ತು.

ನಾನು ಹೆಜ್ಜೆಗಳ ನಡುವಿನ ದೂರವನ್ನು ಗೇಣಿನಿಂದ ಅಳೆದೆ. ಗೋಡೆಯಿಂದ ಪುಕ್ಕದವರೆಗೆ ಬಂದು, ಮತ್ತೆ ಗೋಡೆಗೆ ಹೋಗಿದ್ದವು. ನನಗೆ ಅಷ್ಟು ಸಾಕಾಯಿತು. ಪುಕ್ಕಗಳನ್ನು ಆರಿಸಿ ಕಾಗದದಲ್ಲಿ ಸುತ್ತಿಕೊಂಡು ಒಳಗೆ ಹೋಗಿ ಅವ್ವನಿಗೆ ಹೇಳಿದೆ.

ಆಗ ನನ್ನ ತಮ್ಮ ಹುಟ್ಟಿ ಎರಡು ತಿಂಗಳು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ಬೆಕ್ಕು ಹಾಲಿನ ವಾಸನೆಗೆ ದಿನಕ್ಕೆ ನಾಲ್ಕು ಸಲ ಒಳಗೆ ಬರುತ್ತಿತ್ತು. ಅವ್ವ ಪುಕ್ಕ ನೋಡಿ, ತೊಟ್ಟಿಲು ನೋಡಿ, ನೇರವಾಗಿ ಪಕ್ಕದ ಮನೆಗೆ ಹೋದಳು. ನಾನೂ ಕಾಗದದ ಸುತ್ತನ್ನು ಹಿಡಿದು ಹಿಂದೆ ಹೋದೆ.

“ಅಕ್ಕಾ, ನಿಮ್ಮ ಬೆಕ್ಕು ರಕ್ತದ ರುಚಿ ಕಂಡೈತೆ. ನಮ್ಮನ್ಯಾಗೆ ಕೂಸೈತೆ” ಎಂದಳು ಅವ್ವ.

“ಅದು ಇಲಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ ಕಣವ್ವ” ಎಂದರು ದೊಡ್ಡವ್ವ. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಕಂಡ್ಯಾ ಮಗಳೇ?”

“ಹಿಡಿಯೋದು ಕಾಣಲಿಲ್ಲ ದೊಡ್ಡವ್ವ. ಆದ್ರೆ ಹೆಜ್ಜೆ ಐತೆ. ಬ್ಯಾರೆ ಯಾವುದ್ರ ಹೆಜ್ಜೆನೂ ಇಲ್ಲ.”

ಅವರು ಕಾಗದ ಬಿಡಿಸಿ ಪುಕ್ಕಗಳನ್ನು ನೋಡಿದರು. “ದಿನಾ ಕುಂತು ಲೆಕ್ಕ ಇಡೋಳು. ನೀನು ಹೇಳಿದ್ ಮ್ಯಾಲೆ ಇರಬೇಕು” ಎಂದರು.

ನಮ್ಮ ಕಡೆ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ, ಆ ಪಾಪ ತೊಳೆಯಲು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಬೇಡವಾದ ಬೆಕ್ಕನ್ನು ಹೊಳೆ ದಾಟಿಸುತ್ತಾರೆ. ನೀರು ದಾಟಿದ ಬೆಕ್ಕು ಮನೆಯ ದಾರಿ ಮರೆಯುತ್ತದೆ ಎಂದು ನಂಬಿಕೆ. ಅಪ್ಪ ಹೊಳೆಯಾಚೆ ನಲ್ಲೂರಿನ ಕಡೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಮಾರನೆಯ ಬೆಳಿಗ್ಗೆ ದೊಡ್ಡವ್ವ ತಾವೇ ಬೆಕ್ಕಿಗೆ ಹಾಲನ್ನ ಹಾಕಿ, ತಾವೇ ಗೋಣಿಚೀಲದಲ್ಲಿ ಇಳಿಸಿ, ಬಾಯಿ ಕಟ್ಟಿ ಅಪ್ಪನ ಕೈಗೆ ಕೊಟ್ಟರು. “ಸಂದಿ ಬಿಟ್ಟು ಕಟ್ಟೀನಿ, ಉಸಿರಾಡ್ತೈತೆ. ಅಂಗಡಿ ಇರೋ ಕಡೆ ಬಿಡಪ್ಪ, ಹೊಲದಾಗೆ ಬಿಡಬ್ಯಾಡ” ಎಂದರು. ಚೀಲ ಹೊಳೆಯ ಸೇತುವೆಯವರೆಗೂ ಕೂಗಿತಂತೆ, ಆಮೇಲೆ ಸುಮ್ಮನಾಯಿತಂತೆ.

ಎರಡು ವಾರ ಕಳೆದಿರಬಹುದು. ಒಗೆಯುವ ಕಲ್ಲಿನ ಹತ್ತಿರ ಮತ್ತೆ ಪುಕ್ಕಗಳು. ಅದೇ ತಟ್ಟೆಯಗಲ, ನಡುವೆ ಅದೇ ಎರಡು ಕಾಲು.

ನಾನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಎಂದಿನ ಹೊತ್ತಿಗೇ ನುಚ್ಚು ಚೆಲ್ಲಿ, ಮೆಟ್ಟಿಲ ಮೇಲೆ ಕೂರದೆ ಬಚ್ಚಲಮನೆಯ ಒಳಗೆ ನಿಂತು ಕಿಂಡಿಯಿಂದ ನೋಡಿದೆ. ಆ ದಿನ ಏನೂ ಆಗಲಿಲ್ಲ. ಮೂರನೆಯ ದಿನ, ಗುಬ್ಬಿಗಳು ಇಳಿದು, ಬೆಳವ ಇಳಿದು ಕಾಳು ಕುಟುಕುತ್ತಿದ್ದಾಗ ನುಗ್ಗೆ ಮರದಿಂದ ಏನೋ ಕಲ್ಲಿನಂತೆ ಬಿತ್ತು. ಪಾರಿವಾಳದಷ್ಟೇ ಗಾತ್ರದ ಸಣ್ಣ ಗಿಡುಗ. ಬೂದು ಬೆನ್ನು, ಎದೆಯ ಮೇಲೆ ಅಡ್ಡಗೆರೆ. ಹಳದಿ ಕಾಲನ್ನು ಬೆಳವದ ಮೇಲೆ ಊರಿ, ಆ ಕಡೆ ಈ ಕಡೆ ನೋಡಿ, ಪುಕ್ಕ ಕೀಳತೊಡಗಿತು. ಒಂದೊಂದೇ ಪುಕ್ಕ ಬುಡಸಮೇತ ಕಿತ್ತು ಪಕ್ಕಕ್ಕೆ ಎಸೆಯುತ್ತಿತ್ತು. ಪುಕ್ಕಗಳು ಸುತ್ತಲೂ ಬಿದ್ದವು. ಒಂದೂ ಮುರಿದಿರಲಿಲ್ಲ, ಬೆಕ್ಕು ಕಚ್ಚಿದಂತೆ ಒಂದರ ಬುಡವೂ ಅಗಿದು ಚಪ್ಪಟೆಯಾಗಿರಲಿಲ್ಲ. ನಾನು ಕಾಗದದಲ್ಲಿ ಸುತ್ತಿ ಒಯ್ದು ತೋರಿಸಿದ್ದೂ ಅಂಥವೇ.

ಬೆಕ್ಕು ಬಂದದ್ದು ನಿಜ. ಗಿಡುಗ ತಿಂದು ಬಿಟ್ಟುಹೋದ ಮೇಲೆ ಮೂಸಿ ನೋಡಲು ಬಂದಿತ್ತು, ಅಷ್ಟೆ.

ಆ ಗಿಡುಗವನ್ನು ನಾನು ಹಿಂದೆಯೂ ನುಗ್ಗೆ ಮರದಲ್ಲಿ ಕಂಡಿದ್ದೆ. ಕಾಳು ತಿನ್ನಲು ಇಳಿಯದ ಹಕ್ಕಿ ಎಂದು ಎಣಿಸಿರಲಿಲ್ಲ. ನಾನು ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಲೆಕ್ಕ ಸರಿಯಾಗಿ ಸಿಗಲಿ ಎಂದು ನುಚ್ಚು ಹಾಕುತ್ತಿದ್ದೆ. ಬೆಳವಗಳಿಗೆ ಆ ಹೊತ್ತು ಗೊತ್ತಿತ್ತು. ಗಿಡುಗಕ್ಕೂ ಗೊತ್ತಿತ್ತು. ನುಚ್ಚಿನ ಡಬ್ಬಿಯ ಮುಚ್ಚಳ ಹಾಕಿ ಶಾಲೆಗೆ ಹೋದೆ.

ಸಂಜೆ ದೊಡ್ಡವ್ವನ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

“ಬಸುರಿ ಇತ್ತು ಅದು” ಎಂದರು.

“ಗೊತ್ತಿದ್ದೂ ಯಾಕೆ ಕೊಟ್ರಿ ದೊಡ್ಡವ್ವ?”

“ಇನ್ನೇನ್ ಮಾಡಾಕಾಗ್ತಿತ್ತು? ನಿಮ್ಮನೆ ಕೂಸಿನ ಮುಂದೆ ನನ್ನ ಬೆಕ್ಕು ದೊಡ್ಡದು ಅನ್ನಾಕಾಗ್ತಿತ್ತಾ?”

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ಭಾನುವಾರ ಅಪ್ಪನ ಬಸ್ಸಿನಲ್ಲೇ ನಲ್ಲೂರಿಗೆ ಹೋದೆ. ಅಪ್ಪ ದಾರಿಯುದ್ದಕ್ಕೂ “ನನ್ನ ಸರ್ವೀಸಿನಾಗೆ ಬೆಕ್ಕಿಗೆ ಟಿಕೆಟ್ ಹರಿಯೋದೊಂದು ಬಾಕಿ ಇತ್ತು” ಎಂದು ಡ್ರೈವರ್ ಜೊತೆ ನಗುತ್ತಿದ್ದರು. ಬಿಟ್ಟ ಜಾಗದ ಎದುರಿನ ಕಿರಾಣಿ ಅಂಗಡಿಯಲ್ಲಿ, ಕಡಲೆ ಚೀಲಗಳ ಹಿಂದೆ, ಬೆಕ್ಕು ಮೂರು ಮರಿಗಳಿಗೆ ಹಾಲು ಕೊಡುತ್ತ ಮಲಗಿತ್ತು. ಮರಿಗಳು ಇನ್ನೂ ಕಣ್ಣು ತೆರೆದಿರಲಿಲ್ಲ.

“ಅದನ್ನ ಬಿಟ್ಟವನು ನಾನೇ. ವಾಪಸ್ ಬೇಕಿತ್ತು” ಎಂದರು ಅಪ್ಪ.

“ಬಿಟ್ಟೋರು ವಾಪಸ್ ಕೇಳಾಕೆ ಬಂದಿದ್ದು ಇದೇ ಮೊದಲು ನೋಡ್ರಿ ನಾನು ಕಂಡಿದ್ದು” ಎಂದ ಅಂಗಡಿಯವನು. “ಬಾಣಂತಿನ ಚೀಲದಾಗೆ ಕಟ್ಟಿ ಒಯ್ತೀರಾ? ಮರಿ ದೊಡ್ಡವಾಗ್ಲಿ, ಒಂದು ಕೊಡ್ತೀನಿ.”

ನಾನು ಹತ್ತಿರ ಹೋಗಿ ಕೂತೆ. ಬೆಕ್ಕು ತಲೆ ಎತ್ತಿ ನೋಡಿ, ಮರಿಗಳನ್ನು ಕಾಲಿನಿಂದ ಒಳಗೆ ಎಳೆದುಕೊಂಡಿತು.

ಬಂದು ಹೇಳಿದಾಗ ದೊಡ್ಡವ್ವ, “ಇರಲಿ ಬಿಡು, ಎರಡು ಸಲ ಹೊಳೆ ದಾಟಿಸೋದು ಬ್ಯಾಡ” ಎಂದರು. ಅಷ್ಟರಲ್ಲಾಗಲೇ ಇಲಿಗಳು ಎರಡು ಅಕ್ಕಿ ಚೀಲ ತೂತು ಮಾಡಿದ್ದವು. “ಮರಿ ಬರೋ ತನಕ ನೀನೇ ಬೆಕ್ಕಾಗು” ಎಂದು ಒಂದು ಕೋಲು ಕೊಟ್ಟರು. ಅಂದಿನಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಕೋಣೆಯಲ್ಲಿ ಚೀಲಗಳ ನಡುವೆ ಕೂತು ಪಾಠ ಓದುತ್ತಿದ್ದೆ. ಸರಸರ ಸದ್ದಾದರೆ ಕೋಲಿನಿಂದ ಬಡಿಯುತ್ತಿದ್ದೆ. ಮಂಡಕ್ಕಿ ಕೊಳ್ಳಲು ಬಂದವರಿಗೆ ದೊಡ್ಡವ್ವ, “ಮೆಲ್ಲಗೆ ಮಾತಾಡ್ರಿ, ನಮ್ಮ ಬೆಕ್ಕು ಓದ್ತೈತೆ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಬೆಳಗಿನ ನುಚ್ಚು ನಿಲ್ಲಿಸಿದೆ. ಆದರೂ ಬಹಳ ದಿನ, ಅದೇ ಹೊತ್ತಿಗೆ, ಉಳಿದ ಬೆಳವಗಳು ಗೋಡೆಯ ಮೇಲೆ ಬಂದು ಸಾಲಾಗಿ ಕೂರುತ್ತಿದ್ದವು. ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು ಅನ್ನಿಸಿ ಹಿತ್ತಲ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಮರಿ ಬಂತು. ತಾಯಿಯದೇ ಬೂದು ಪಟ್ಟೆ. ಅದು ಇಲಿ ಹಿಡಿಯಲು ಕಲಿಯುವ ಹೊತ್ತಿಗೆ ನನ್ನ ತಮ್ಮ ಅಂಬೆಗಾಲಿಡುತ್ತಿದ್ದ. ಒಂದು ಮಧ್ಯಾಹ್ನ ಅದು ನಮ್ಮ ಗೋಡೆಯ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿತ್ತು. ಅವ್ವ ಒಳಗಿನಿಂದಲೇ, “ಏನ್ ತಿಂದು ಬಂದೈತೆ ನೋಡೇ” ಎಂದಳು.

ಕರಿಬೇವಿನ ಗಿಡದ ಬುಡದಲ್ಲಿ ಬೆಳವದ ನಾಲ್ಕು ಪುಕ್ಕಗಳಿದ್ದವು. ಎತ್ತಿ ನೋಡಿದೆ. ಎಂಜಲಿಗೆ ಒದ್ದೆಯಾಗಿ ಅಂಟಿಕೊಂಡಿದ್ದವು, ಬುಡಗಳು ಅಗಿದು ಚಪ್ಪಟೆಯಾಗಿದ್ದವು. ಈ ಸಲ ಬೆಕ್ಕಿನದೇ ಕೆಲಸ, ತಪ್ಪು ತಿಳಿಯುವಂತಿರಲಿಲ್ಲ.

“ಏನೂ ಇಲ್ಲವ್ವ” ಎಂದೆ. ಪುಕ್ಕಗಳನ್ನು ಗಿಡದ ಮಣ್ಣಿನಲ್ಲಿ ಹೂತು, ಕಾಲಿನಿಂದ ಒತ್ತಿ, ಕೈ ತೊಳೆದುಕೊಂಡು ಒಳಗೆ ಹೋದೆ. ಹಳೆಯ ನೋಟುಪುಸ್ತಕ ತೆಗೆದು ಆ ದಿನದ ತಾರೀಖು ಬರೆದೆ, ಅದರ ಕೆಳಗೆ ಏನನ್ನೂ ಬರೆಯಲಿಲ್ಲ.