ಬಿಲ್ವಪತ್ರೆ ಕುಂಡಕ್ಕೆ ಅರ್ಥಿಂಗ್

ಗೆಳೆಯರೇ, ನನಗೆ ಎಲೆಕ್ಟ್ರಿಷಿಯನ್ ಲೈಸೆನ್ಸ್ ಬಂತು. ಅವ್ವ ಅದಕ್ಕೂ ವಿಭೂತಿ ಹಚ್ಚಿ ದೇವರ ಮುಂದೆ ಇಟ್ಟಿದ್ದಳು. ಮೊದಲ ಕರೆ ಹರಿಹರದ ಸೋದರಮಾವನದು, ಅವರ ಹೊಸ ಮನೆಗೆ. ಇವತ್ತು ಬೆಳಿಗ್ಗೆ ದಾವಣಗೆರೆಯಿಂದ ಟೂಲ್ ಬ್ಯಾಗ್ ಹೊತ್ತು ಹೋದೆ.

“ಬ್ಯಾಗ್ ಯಾಕ ತಂದಿ? ವೈರಿಂಗ್ ಎಲ್ಲಾ ನಮ್ಮ ಮಗಳ ಗಂಡನೇ ಮಾಡ್ಯಾನೆ, ಮೊಬೈಲ್ ನೋಡ್ಕೊಂಡು. ಕರೆಂಟ್ ಆಫೀಸಿಗೆ ನಿಂದೊಂದು ಸಹಿ ಬೇಕಷ್ಟೆ,” ಎಂದರು ಮಾವ.

ನೋಡಿಯೇ ಸಹಿ ಹಾಕೋಣವೆಂದು ಮನೆ ಸುತ್ತಿದೆ. ಅರ್ಥಿಂಗ್ ಗುಂಡಿ ಎಲ್ಲೂ ಕಾಣಲಿಲ್ಲ. ಮೀಟರ್ ಪಕ್ಕದ ಖಾಲಿ ಮೂಲೆ ತೋರಿಸಿ ಕೇಳಿದೆ.

“ಆ ಮೂಲ್ಯಾಗ ಗುಂಡಿ ತೆಗೀಬ್ಯಾಡ್ರಿ ಅಂತ ವಾಸ್ತುನವ್ರು ಹೇಳ್ಯಾರೆ. ಅದಕ್ಕೆ ಇಲ್ಲಿ ಕೊಟ್ಟೀವಿ,” ಎಂದು ಮಾವ ವರಾಂಡದ ಸಿಮೆಂಟ್ ಕುಂಡ ತೋರಿಸಿದರು. ಅರ್ಥಿಂಗ್ ವೈರು ಬಿಲ್ವಪತ್ರೆ ಗಿಡದ ಬುಡದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

“ಮಾವ, ಅದು ಭೂಮಿಗೆ ಹೋಗ್ಬೇಕ್ರಿ. ಗೀಸರ್‌ನಾಗ ಕರೆಂಟ್ ಲೀಕ್ ಆದ್ರೆ ಮುಟ್ಟಿದವ್ರ ಜೀವ ಹೋಗ್ತೈತೆ.”

“ಕುಂಡದಾಗ ಇರೋದು ಮಣ್ಣಲ್ಲೇನು? ನಮ್ಮ ಹೊಲದಿಂದ ತರ್ಸಿದ್ದು!”

ಗುಂಡಿ ತೆಗೆಸಿದರೆ ನಾನೇ ಅರ್ಥಿಂಗ್ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಸಹಿ ಇಲ್ಲ ಎಂದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಲೈಸೆನ್ಸ್ ಇಲ್ದಾಗ ಎಷ್ಟು ಚಲೋ ಹುಡುಗ ಇದ್ಯೋ ನೀನು!”

ಸಂಜೆಯೊಳಗೆ ದಾವಣಗೆರೆಯ ನಿಟ್ಟುವಳ್ಳಿಯ ಹಿರಿಯ ಲೈಸೆನ್ಸ್‌ದಾರರೊಬ್ಬರು ಕೂತಲ್ಲೇ ಸಹಿ ಹಾಕಿಕೊಟ್ಟರಂತೆ. ಅವರ ಅನುಭವ ಅಂಥದ್ದು, ಮನೆ ನೋಡುವ ಅಗತ್ಯವೇ ಬೀಳಲಿಲ್ಲ.

ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದಾರೆ. ಸೋದರಮಾವನ ಮನೆ, ಹೋಗದೆ ಇರಲಾದೀತೇ? ಆದರೆ ರಬ್ಬರ್ ಚಪ್ಪಲಿ ಮಾತ್ರ ಹೊರಗೆ ಬಿಡುವುದಿಲ್ಲ. ಸಂಪ್ರದಾಯ ಗೊತ್ತಿಲ್ಲದವನು ಎಂದು ಯಾರೂ ಬೈಯಬೇಡಿ.